ಗೇಮ್ ಪೆಟ್ಟಿಗೆಗೆ ಮೈಕಟ್ಟು ಕೊಡುವ ಕಿನುಯೊ

ಕ್ಯೋಟೊದ ಫುಶಿಮಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೋಫು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕಿನುಯೊ ಹೊಝುಮಿ ಮಂಡಿಯೂರಿ ಕೂತು ಮರದ ಪೆಟ್ಟಿಗೆಯೊಂದಕ್ಕೆ ಉಪ್ಪುಕಾಗದ ಉಜ್ಜುತ್ತಿದ್ದಾರೆ. ಒಂದಿಷ್ಟು ಉಜ್ಜುವುದು, ಕಣ್ಣು ಮುಚ್ಚಿ ಅಂಗೈಯಿಂದ ಸವರುವುದು, ಮತ್ತೆ ಉಜ್ಜುವುದು. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಅಂಗಡಿಗೆ ಬರುವ ಎಷ್ಟೋ ಮೊದಲೇ ಅದರ ಮೈಕಟ್ಟು ಈ ಕೈಯಲ್ಲಿ ಮೂಡುತ್ತದೆ. ಒಳಗೆ ತಂತಿಯಿಲ್ಲ, ಚಿಪ್ ಇಲ್ಲ, ಬರೀ ಮರ. ಅದನ್ನು ಹಿಡಿದು ನೋಡಿಯೇ ಕಂಪನಿಯವರು ಗಾತ್ರ ಒಪ್ಪುವುದು.

ಇವತ್ತು ಕಂಪನಿಗೆ ಹೊಸ ಮಾದರಿ ಒಪ್ಪಿಸಬೇಕು. ಕಳೆದ ತಿಂಗಳು ಕೊಟ್ಟ ಮಾದರಿಯನ್ನು ವಿನ್ಯಾಸದ ಮುಖ್ಯಸ್ಥ ಒಗಾತಾ ಕೈಗೆತ್ತಿಕೊಂಡ ಕೂಡಲೇ ಮೆಚ್ಚಿದ್ದರು. ಆದರೆ ಅದು ನಕ್ಷೆಗಿಂತ ತೆಳ್ಳಗಿದೆ, ಒಳಗೆ ತಂಪು ಮಾಡುವ ಫ್ಯಾನ್ ಕೂರುವುದಿಲ್ಲ ಎಂದು ಗೊತ್ತಾಗಿದ್ದು ಈ ವಾರ. ತಪ್ಪು ಕಿನುಯೊ ಅವರದೇ. ಅವರದು ಅರಗು ಬಳಿದ ಊಟದ ಡಬ್ಬಿಗಳಿಗೆ ಮರ ಕೆತ್ತುವ ಮನೆತನ. ಮೇಲೆ ಅರಗು ಪದರ ಪದರವಾಗಿ ಕೂರುತ್ತದೆಂದು ಮರವನ್ನು ಮೊದಲೇ ತುಸು ತೆಳುವಾಗಿಸುವುದು ಅಲ್ಲಿನ ಪದ್ಧತಿ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಕೈ ತನ್ನ ಪಾಡಿಗೆ ತಾನು ಸವೆಸಿಬಿಟ್ಟಿದೆ.

“ಅಪ್ಪ ಬೈದು ಬೈದು ಕಲ್ಸಿದ್ದು, ‘ಅರಗಿಗೆ ಜಾಗ ಬಿಡೇ’ ಅಂತ. ಈ ಪೆಟ್ಟಿಗೆಗೆ ಅರಗು ಎಲ್ಲಿಂದ ಬರ್ಬೇಕು ಹೇಳಿ?” ಎಂದು ಹಣೆ ಚಚ್ಚಿಕೊಳ್ಳುತ್ತಾರೆ. ಡಬ್ಬಿ ಕೊಳ್ಳುವವರು ಕಡಿಮೆಯಾದಾಗ ಹಿಡಿದ ಕೆಲಸವಿದು. ದಪ್ಪ ಮಾದರಿಯನ್ನು ಒಗಾತಾ ಬೇಡವೆಂದರೆ ಎಲ್ಲರ ಕೆಲಸವೂ ಮೊದಲಿನಿಂದ ಶುರು. ಇವರನ್ನು ಮತ್ತೆ ಕರೆಯುವುದಂತೂ ಅನುಮಾನ.

ಹೊಸ ಮಾದರಿ ನಕ್ಷೆಯಷ್ಟೇ ದಪ್ಪ. ಆದರೆ ಕೆಳ ಅಂಚನ್ನು, ಡಬ್ಬಿಯ ಪಾದಕ್ಕೆ ಮಾಡುವ ಹಾಗೆ, ಒಳಕ್ಕೆ ಓರೆಯಾಗಿ ಕೆತ್ತಿದ್ದಾರೆ. ಅಲ್ಲಿ ಬೀಳುವ ನೆರಳು ದಪ್ಪವನ್ನು ನುಂಗಬೇಕು.

ಕಂಪನಿಯಲ್ಲಿ ಮನೆಯ ಹಾಗೆಯೇ ಚಾಪೆ ಹಾಸಿ ಟಿವಿ ಇಟ್ಟ ಕೋಣೆಯೊಂದಿದೆ. ಟಿವಿಯ ಕೆಳಗೆ ಮಾದರಿಯನ್ನಿಟ್ಟು ಕಿನುಯೊ ಸೊಂಟ ಬಾಗಿಸಿ ನಮಸ್ಕರಿಸುತ್ತಾರೆ. “ಒಗಾತಾ-ಸಾನ್, ತಪ್ಪಾಯ್ತು. ಹೋದ ಸಲದ್ದು ತೆಳ್ಳಗಾಗಿತ್ತು. ಸರಿಯಾದ ದಪ್ಪ ಇದು.”

ಒಗಾತಾ ನಿಂತು ನೋಡುತ್ತಾರೆ. ಕೂತು ನೋಡುತ್ತಾರೆ, ಆಟಕ್ಕೆ ಕೂತ ಹುಡುಗರ ಹಾಗೆ ಮೊಣಕೈ ಊರಿ ಮಲಗಿ ನೋಡುತ್ತಾರೆ.

“ದಪ್ಪ ಎಲ್ರೀ ಆಗಿದೆ? ನಂಗೇನೂ ಕಾಣ್ತಿಲ್ಲ. ಹೀಗೇ ಪ್ಲಾಸ್ಟಿಕ್ ಅಚ್ಚು ಮಾಡೋಕೆ ಕಳ್ಸಿ.”

ಬಾಗಿಲಲ್ಲಿ ನಿಂತಿದ್ದ ಫ್ಯಾನಿನ ಎಂಜಿನಿಯರ್ ತ್ಸುಜಿ, “ಬದುಕಿಸಿದ್ರಿ ಅಕ್ಕಾ! ಫ್ಯಾನನ್ನ ಸುತ್ತಿಗೇಲಿ ಚಪ್ಪಟೆ ಮಾಡೋಕೆ ಹೊರಟಿದ್ದೆ” ಎನ್ನುತ್ತಾರೆ.

ಹೊರಗೆ ಬಂದು ಗೋಡೆಗೆ ಒರಗಿ ನಿಂತ ಕಿನುಯೊಗೆ ಹೋದ ಜೀವ ಬಂದಂತಾಗಿದೆ. ಚೀಲದಿಂದ ಅನ್ನದುಂಡೆ ತೆಗೆದು ಅಲ್ಲೇ ತಿನ್ನಲು ಶುರು ಮಾಡುತ್ತಾರೆ. ಕನ್ಸೋಲಿನ ಮೇಲೆ ನಿಮ್ಮ ಹೆಸರಿರುವುದಿಲ್ಲವಲ್ಲ ಎಂದರೆ ನಗುತ್ತಾರೆ.

“ಹೆಸರು ಕಟ್ಕೊಂಡು ಏನ್ ಮಾಡ್ಲಿ? ದಿನಾ ಧೂಳು ಒರೆಸೋ ಹೆಂಗಸು ‘ಥೂ, ಇದೊಂದು ಅಡ್ಡ’ ಅಂತ ಬೈಬಾರ್ದು. ಅವಳು ಬೈಲಿಲ್ಲ ಅಂದ್ರೆ ನಾನು ಗೆದ್ದೆ.”