ಸುನಂದಾ ಅಕ್ಕೋರ ಎರಡೂವರೆ ಗಂಟೆ

ಸುನಂದಾ ಅಕ್ಕೋರ ಒಂದು ಗೇಣಿಗೆ ಐನೂರಿಪ್ಪತ್ತು ಮೈಲಿ. ಪಾಠ ಮಾಡುವಾಗ ಗೋಡೆಯ ಭೂಪಟದಲ್ಲಿ ಹೆಬ್ಬೆರಳನ್ನು ಬೆಂಗಳೂರಿನ ಮೇಲೂರಿ, ಕಿರುಬೆರಳನ್ನು ಬೊಂಬಾಯಿಗೆ ಚಾಚಿ, "ನೋಡ್ರೇ, ಈ ವಿಮಾನ ನಿಲ್ದಾಣದಿಂದ ಆ ನಿಲ್ದಾಣಕ್ಕೆ ನೆಟ್ಟಗೆ ಐನೂರಿಪ್ಪತ್ತು ಮೈಲಿ. ಎರಡೂವರೆ ಗಂಟೆ. ನಾನೇ ಗಡಿಯಾರ ನೋಡ್ಕೊಂಡು ಬಂದಿದೀನಿ" ಎನ್ನುತ್ತಿದ್ದರು. ಹುಡುಗಿಯರೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ನನಗೆ ಹೊಟ್ಟೆ ಉರಿಯುತ್ತಿತ್ತು.

ಅರವತ್ತರ ದಶಕದ ಮಾತು. ಸಾಗರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಬರುವ ಮೊದಲು ಹುಡುಗಿಯರು ಸುತ್ತುತ್ತಿದ್ದುದು ನನ್ನ ಹಿಂದೆ. ಅಬ್ಬಲಿಗೆ ದಂಡೆ ತಂದರೆ ನನ್ನ ಮುಡಿಗೇ. ಗಂಡನಿಗೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕೆಲಸ ಸಿಕ್ಕಿ ಇವರು ಬೊಂಬಾಯಿ ಬಿಟ್ಟು ಬಂದರು ನೋಡಿ, ದಂಡೆಯೂ ಹೋಯಿತು, ಮಕ್ಕಳೂ ಹೋದರು. ಕೆಟ್ಟವರೇನಲ್ಲ ಮಾರಾಯರೇ, ಅದೇ ಕಷ್ಟ! ಡಬ್ಬಿಯಲ್ಲಿ ಕಬ್ಬಿನ ಹಾಲಿನ ಸಿಹಿ ತೊಡೆದೇವು ತಂದರೆ ಮೊದಲು ನನ್ನ ಮುಂದೆ ಹಿಡಿಯುತ್ತಿದ್ದರು. "ತಗಳಿ ಲಲಿತಕ್ಕ, ನಾಚ್ಕೋಬ್ಯಾಡಿ." ತಿನ್ನುತ್ತಲೇ ಕುದಿಯುತ್ತಿದ್ದೆ. ನಾನೋ, ತೀರ್ಥಹಳ್ಳಿಯ ತವರಿಗೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋಗುವವಳು.

ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಮೈಲಿ ಹೇಳುತ್ತಿದ್ದರು, ಗಂಟೆ ಹೇಳುತ್ತಿದ್ದರು. ಮೇಲಿನಿಂದ ಏನು ಕಂಡಿತೆಂದು ಮಾತ್ರ ಒಮ್ಮೆಯೂ ಹೇಳಿದವರಲ್ಲ. ಯಾರಾದರೂ ಮೋಡದ ಸುದ್ದಿ ಎತ್ತಿದರೆ ಮಾತು ಬದಲಿಸುತ್ತಿದ್ದರು. ಓಹೋ, ಈ ಹೆಂಗಸು ವಿಮಾನ ಹತ್ತಿಯೇ ಇಲ್ಲ! ಅಂದು ಎರಡು ತುತ್ತು ಹೆಚ್ಚೇ ಉಂಡೆ.

ಮರುದಿನ ಅವರ ತರಗತಿಗೇ ನುಗ್ಗಿದೆ.

"ಅಲ್ಲ ಸುನಂದಕ್ಕೋರೇ, ಕಿಟಕೀಲಿ ಎಂತ ಕಾಣ್ತು ಅಂತ ಒಂದಿನಾನೂ ಹೇಳ್ಲಿಲ್ವಲ್ಲ. ವಿಮಾನ ಹತ್ತಿದ್ದು ಹೌದಾ, ಬರೀ ಬುರುಡೇನಾ?"

ಹುಡುಗಿಯರು ಕಿಸಕ್ಕೆಂದರು. ಸುನಂದಾ ಭೂಪಟದಿಂದ ಕೈ ತೆಗೆದರು.

"ಹೊರಗೆ ನೋಡ್ಲೇ ಇಲ್ಲ ಲಲಿತಕ್ಕ. ಗಡಿಯಾರ ನೋಡ್ತಾ ಕೂತಿದ್ದೆ. ಹೊಸನಗರದಲ್ಲಿ ಅಪ್ಪಯ್ಯಂಗೆ ಕಾಯಿಲೆ ತುಂಬಾ ಜೋರಾಗಿದೆ ಅಂತ ತಂತಿ ಬಂದಿತ್ತು. ರೈಲಾದ್ರೆ ತಡ ಅಂತ ನಮ್ಮನೆಯವ್ರು ವಿಮಾನ ಹತ್ಸಿದ್ರು. ಬೆಂಗಳೂರಿಗೆ ಎರಡೂವರೆ ಗಂಟೇಲಿ ಬಂದೆ. ಆಮೇಲೆ ಆನಂದಪುರದಲ್ಲಿ ಬಸ್ಸು ಕೆಟ್ಟು ಮೂರು ಗಂಟೆ ನಿಂತುಬಿಡ್ತು. ನಾ ಹೋಗೋದ್ರೊಳಗೆ ಸುಟ್ಟು ಬಂದಿದ್ರು."

ಇಷ್ಟು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ನದಿಗಳ ಪಾಠ ಮುಂದುವರಿಸಿದರು. ಛೀ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಅಂದು ಒಬ್ಬ ಹುಡುಗಿಯೂ ನನ್ನ ಮುಖ ನೋಡಲಿಲ್ಲ.

ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಂಡೆ. ಅವರು ಏನೂ ಆಗಿಲ್ಲವೆಂಬಂತೆ ಡಬ್ಬಿ ಮುಂದೆ ಹಿಡಿಯುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚು. ಹಾಗೇ ವರ್ಷ ಕಳೆದು ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು.

ಮತ್ತೆ ಸಿಕ್ಕಿದ್ದು ಹೊಸನಗರದ ಬಸ್ ನಿಲ್ದಾಣದಲ್ಲಿ. ನಾನು ತವರಿನಿಂದ ಮರಳುತ್ತಿದ್ದೆ, ಅವರು ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದರು. ಓಡಿಹೋಗಿ ಕಿಟಕಿಯ ಸರಳು ಹಿಡಿದೆ. "ತಪ್ಪಾಯ್ತು" ಎಂಬ ಮಾತು ಗಂಟಲಿಗೇ ಬಂದಿತ್ತು. ಬಾಯಿಂದ ಬಿದ್ದದ್ದು ಬೇರೆ:

"ಅಲ್ಲೂ ಹುಡುಗೀರು ನಿಮ್ಮ ಹಿಂದೇ ಸುತ್ತುತಾರಾ?"

ಅವರು ನಕ್ಕರು. "ಸುತ್ತುತಾರೆ. ಲೆಕ್ಕ ಅಂದ್ರೆ ನಮ್ಮ ಲಲಿತಕ್ಕ, ಅವರ ಹಂಗೆ ಹೇಳಿಕೊಡಕ್ಕೆ ನಂಗೆ ಬರಲ್ಲ ಅಂತ ಆ ಹುಡುಗೀರಿಗೆ ಹೇಳ್ತಾ ಇರ್ತೀನಿ."

ಬಸ್ಸು ಹೊರಟಿತು. ನಾನು ಸರಳು ಬಿಟ್ಟೆ. ಆಮೇಲೆ ಅವರನ್ನು ನಾನು ಕಾಣಲಿಲ್ಲ.