ಸಿಂಬಿ ಮತ್ತು ಮೆಟ್ಟಿಲು

ನಮ್ಮ ಮನೆಯ ಹಿಂಬಾಗಿಲ ಪಕ್ಕದ ಮೊಳೆ ಒಂದು ಸಿಂಬಿಗೆ ಮೀಸಲು. ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಿ ದೊಡ್ಡ ಬಳೆಯಂತೆ ಮಾಡಿದ ಅದನ್ನು ತಲೆಯ ಮೇಲಿಟ್ಟು, ಅದರ ಮೇಲೆ ಮೀನಿನ ಬುಟ್ಟಿ ಹೊತ್ತು ನನ್ನ ಅಪ್ಪನ ಅಕ್ಕ ಹೊನ್ನಮ್ಮ ಮೂವತ್ತು ವರ್ಷ ನಡೆದಿದ್ದಾಳೆ. ಸೀರೆಗಳು ಬದಲಾದವು, ಮೊಳೆ ಬದಲಾಗಲಿಲ್ಲ. ಮೊಳೆ ಬರಿದಾಗಿದ್ದರೆ ಅತ್ತೆ ದುಡಿಯಲು ಹೋಗಿದ್ದಾಳೆ, ಸಿಂಬಿ ನೇತಾಡುತ್ತಿದ್ದರೆ ಸಂಜೆಯಾಗಿದೆ ಎಂಬುದನ್ನು ನಾನು ಗಡಿಯಾರ ನೋಡಲು ಕಲಿಯುವ ಮೊದಲೇ ಕಲಿತಿದ್ದೆ. ಹೀಗಿರುವಾಗ, ದೋಣಿಗಳೆಲ್ಲ ಬಂಗಡೆ ತುಂಬಿಕೊಂಡು ಬರುವ ದಿನಗಳಲ್ಲಿ, ಬೆಳಗಿನ ಹತ್ತು ಗಂಟೆಗೆ ಸಿಂಬಿ ಮೊಳೆಯಲ್ಲೇ ಇರುವುದನ್ನು ಕಂಡರೆ ನನಗೆ ಏನಾಗಬಹುದು, ನೀವೇ ಹೇಳಿ. ಸಿಟ್ಟನ್ನು ಹೊರಗೆ ತೋರಿಸುವುದು ನನ್ನ ಸ್ವಭಾವವಲ್ಲ. ಆದರೂ ಈ ಒಂದನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ಕುಮಟೆಗೂ ಹೊನ್ನಾವರಕ್ಕೂ ನಡುವೆ, ಕಡಲಿಗೆ ಮೂಗು ಚಾಚಿದ ಒಂದು ಕಲ್ಲುಗುಡ್ಡದ ಬುಡದಲ್ಲಿ ನಮ್ಮ ಕೇರಿ ಇದೆ. ದೋಣಿ ಬರುವುದು ಗುಡ್ಡದ ಈಚೆ, ಬಸ್ಸು ನಿಲ್ಲುವುದು ಆಚೆ. ನಡುವೆ ಗೇರು, ಕೇಪಳ, ಮುರುಗಲುಗಳ ಸಂದಿಯಲ್ಲಿ ಓರೆಯಾಗಿ ಏರಿ ಓರೆಯಾಗಿ ಇಳಿಯುವ ಒಂದು ಕಾಲುದಾರಿ. ಅದನ್ನು ಮಾಡಿದವರು ಯಾರೂ ಇಲ್ಲ. ಹೊರೆ ಹೊತ್ತ ಹೆಂಗಸರ ಅಂಗಾಲುಗಳೇ ಅದನ್ನು ಸವೆಸಿ ಸವೆಸಿ ತಂದದ್ದು. ಆ ದಾರಿ ಹತ್ತಿ ಮೊದಲ ಬಸ್ಸು ಹಿಡಿದರೆ ಅತ್ತೆ ಕುಮಟೆಗೆ ಹೋಗಿ ಅಲ್ಲಿಂದ ಸಂತೆಗುಳಿ ತಲುಪುತ್ತಿದ್ದಳು. ಅಲ್ಲಿ ಅವಳಿಗೆಂದೇ ಕಾಯುವ ಹತ್ತೆಂಟು ಮನೆಗಳಿದ್ದವು. ಎರಡನೆಯ ಬಸ್ಸಿಗೆ ಹೋದರೆ ಬಿಸಿಲೇರಿ ಮೀನು ಮೆತ್ತಗಾಗುತ್ತದೆ, ಮನೆಗಳು ಬೇರೆಯವರ ಪಾಲಾಗುತ್ತವೆ.

ಈ ಗುಡ್ಡವನ್ನು ಅರಣ್ಯ ಇಲಾಖೆಯವರು ಉದ್ಯಾನವೆಂದು ಗುರುತಿಸಿ, ನಮ್ಮ ಕಾಲುದಾರಿಯನ್ನು ನಿಸರ್ಗ ಪಥ ಮಾಡಲು ಹೊರಟಾಗ ನಾನು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ ಮುಗಿಸಿ, ಕೆಲಸದ ಕಾಗದಕ್ಕಾಗಿ ಕಾಯುತ್ತ ಮನೆಯಲ್ಲಿದ್ದೆ. ಗಿಡಗಳ ಹೆಸರು ಬರೆದುಕೊಡಬೇಕೆಂದು ಇಲಾಖೆಯ ಸಾಹೇಬರು ಹೇಳಿಕಳುಹಿಸಿದರು. ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂರು ದಿನ ಅವರೊಡನೆ ಅಲೆದು, ಮರಳ ಮೇಲೆ ಹರಿಯುವ ಬಂಗಡೆ ಬಳ್ಳಿಯಿಂದ ನೆತ್ತಿಯ ಮೇಲಿನ ಒಂಟಿ ಮುರುಗಲಿನವರೆಗೆ ಪ್ರತಿಯೊಂದಕ್ಕೂ ಕನ್ನಡದ ಹೆಸರು, ಶಾಸ್ತ್ರದ ಹೆಸರು ಬರೆದುಕೊಟ್ಟೆ. ಕೊನೆಯ ದಿನ ಅವರು, “ಇಲ್ಲಿಯ ಜನಕ್ಕೆ ಏನಾದರೂ ಅನುಕೂಲ ಆಗಬೇಕಲ್ಲ?” ಎಂದು ಕೇಳಿದರು. ನಾನು, “ಮಳೆಗಾಲದಲ್ಲಿ ಜಾರುತ್ತದೆ, ಮೆಟ್ಟಿಲು ಕಟ್ಟಿಸಿದರೆ ಒಳ್ಳೆಯದು,” ಎಂದೆ.

ಕೇಳಿದಿರಾ? ಮೆಟ್ಟಿಲು ನನ್ನ ಬಾಯಿಂದ ಬಂದದ್ದು.

ಕಟ್ಟಿದರು. ಕೆಂಪು ಕಲ್ಲಿನ ಒಪ್ಪವಾದ ಮೆಟ್ಟಿಲು, ನೆಟ್ಟಗೆ ನೆತ್ತಿಯವರೆಗೆ. ಹಳೆಯ ಓರೆದಾರಿಯಲ್ಲಿ ಗಾಳಿ ಗಿಡದ ಸಸಿ ನೆಟ್ಟು ತಂತಿ ಬಿಗಿದರು. ಬುಡದಲ್ಲಿ ಹಲಗೆ: ‘ಎಲ್ಲ ವಯಸ್ಸಿನವರಿಗೂ ಸುಲಭವಾದ ನಡಿಗೆ’. ಕಾರುಗಳಲ್ಲಿ ಬಂದವರು, ಹೆಗಲಿಗೆ ಟ್ರಾನ್ಸಿಸ್ಟರ್ ತೂಗುಹಾಕಿಕೊಂಡವರು, ಕೈಬೀಸಿಕೊಂಡು ಹತ್ತಿ ಇಳಿದು ನಿಜವಾಗಿಯೂ ಸುಲಭವೆಂದರು. ನಾನೂ ಒಂದು ಸಂಜೆ ಹತ್ತಿ ನೋಡಿದೆ. ಸುಲಭವಾಗಿಯೇ ಇತ್ತು. ನನ್ನ ಕೈಯಲ್ಲಿ ಒಂದು ಕೊಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮೆಟ್ಟಿಲು ತೆರೆದ ನಾಲ್ಕನೆಯ ಬೆಳಿಗ್ಗೆ ಅತ್ತೆ ಬಿದ್ದಳು. ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತವರು ಪಾದ ನೋಡುವುದಿಲ್ಲ, ನೋಡಲಾಗುವುದಿಲ್ಲ. ಕತ್ತು ಬಗ್ಗಿದರೆ ಬುಟ್ಟಿ ಹೋಯಿತು. ಓರೆದಾರಿಯಲ್ಲಿ ಅಂಗಾಲು ನೆಲವನ್ನು ಸವರಿಕೊಂಡೇ ಸಾಗುತ್ತದೆ, ಕಣ್ಣು ಬೇಕಾಗುವುದಿಲ್ಲ. ಮೆಟ್ಟಿಲಿಗಾದರೆ ಪ್ರತಿ ಹೆಜ್ಜೆಗೂ ಕಣ್ಣು ಬೇಕು. ನಾನು ಓಡಿಹೋಗುವಷ್ಟರಲ್ಲಿ ಬಂಗಡೆಯೆಲ್ಲ ಮೆಟ್ಟಿಲಿಂದ ಮೆಟ್ಟಿಲಿಗೆ ಚೆಲ್ಲಿತ್ತು. ಅತ್ತೆ ಊದತೊಡಗಿದ ಕಾಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಗಾರ್ಡು ಮಂಜು, ನಮ್ಮ ಕೇರಿಯವನೇ, ಹೊಸ ಖಾಕಿಯಲ್ಲಿ ನಿಂತಿದ್ದ.

“ಕೆಳಗೆ ನೋಡ್ಕಂಡು ಹತ್ತೂಕೆ ಎಂತ ಆಗಿತ್ತು ಹೊನ್ನಕ್ಕ?”

“ನಿನ್ ತಲೆ ಮೇಲೆ ಟೊಪ್ಪಿ ಬಿಟ್ರೆ ಎಂತದೂ ಇಲ್ಲ ಮಾರಾಯ, ನಿಂಗೆ ಕೆಳಗೂ ಕಾಣ್ತದೆ, ಮೇಲೂ ಕಾಣ್ತದೆ,” ಎಂದಳು ಅತ್ತೆ.

ವಾರದೊಳಗೆ ಇನ್ನೊಂದು ಹಲಗೆ ಬಂತು. ಮೀನಿನ ಬುಟ್ಟಿಗಳಿಗೆ ಪ್ರವೇಶವಿಲ್ಲ. ನೀರು ಸೋರಿ ಮೆಟ್ಟಿಲು ಜಾರುತ್ತದೆ, ಬಂದವರಿಗೆ ವಾಸನೆ ತಾಗುತ್ತದೆ. ಗುಡ್ಡ ಸುತ್ತಿಕೊಂಡು ಹೋದರೆ ಮೊದಲ ಬಸ್ಸು ಸಿಗುವುದಿಲ್ಲ. ನಾನು ಅರ್ಜಿ ಬರೆದೆ: ಮೆಟ್ಟಿಲು ಇರಲಿ, ಹಳೆಯ ದಾರಿಯ ತಂತಿ ಬಿಚ್ಚಿ. ಸಾಹೇಬರು ಓದಿ, ಮಡಿಸಿ, ಮೆಲ್ಲಗೆ ಕೇಳಿದರು: “ಮೆಟ್ಟಿಲು ಬೇಕೆಂದವರು ನೀವೇ ಅಲ್ಲವೇ?”

ಅರ್ಜಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಹಿಂದಿರುಗಿದೆ. ದಾರಿಯುದ್ದಕ್ಕೂ ಅವರ ಮೇಲೆ ಉರಿದೆ; ಮನೆ ಹತ್ತಿರವಾದಂತೆ ಆ ಉರಿ ನನ್ನತ್ತ ತಿರುಗಿತು. ಯಾರ ತಲೆಯ ಮೇಲಿನ ಬುಟ್ಟಿಯಿಂದ ನಾನು ಧಾರವಾಡದವರೆಗೆ ಹೋದೆನೋ ಆಕೆಯನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಗುಡ್ಡದ ಪ್ರತಿ ಎಲೆಯ ನರ ಎಣಿಸಿದವಳು, ಆ ಗುಡ್ಡ ಹತ್ತುವ ಪಾದವನ್ನು ನೋಡಿರಲಿಲ್ಲ. ತಿಳಿಯದವರು ತಪ್ಪು ಮಾಡಿದರೆ ತಿದ್ದಬಹುದು. ತಿಳಿದವರು, ಒಳ್ಳೆಯ ಮನಸ್ಸಿನಿಂದ, ಒಪ್ಪವಾದ ಅಕ್ಷರದಲ್ಲಿ ಮಾಡಿದ ತಪ್ಪಿಗೆ ಕೆಂಪು ಕಲ್ಲು ಹಾಸುತ್ತಾರೆ.

ಅತ್ತೆಯ ಕಾಲಿನ ಊತ ಇಳಿದ ಮರುದಿನ ನಸುಕಿನಲ್ಲಿ ಸಿಂಬಿಯನ್ನು ಮೊಳೆಯಿಂದ ತೆಗೆದವಳು ನಾನು. ಅದು ಅವಳ ತಲೆಯ ಅಳತೆಗೆ ಒಗ್ಗಿದ್ದು, ನನ್ನ ತಲೆಯ ಮೇಲೆ ಕೂರಲು ಒಲ್ಲದು. ಅತ್ತೆ ನಗುತ್ತಲೇ ಬುಟ್ಟಿ ಎತ್ತಿಟ್ಟಳು.

“ಬುಟ್ಟಿ ಬಿದ್ರೂ ಅಡ್ಡಿಲ್ಲೆ ತಂಗಿ, ನಿನ್ ಡಿಗ್ರಿ ಬೀಳದಿದ್ರೆ ಆತು. ಕೆಳಗೆ ನೋಡ್ಬೇಡ. ಎದ್ರಿಗೆ ನೋಡು.”

ಎದುರಿಗೆ ತಂತಿ ಇತ್ತು. ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದರಲ್ಲಿ ತಂತಿಯ ಗಂಟು ಬಿಚ್ಚತೊಡಗಿದೆ. ಮಂಜು ಓಡಿಬಂದ. “ಅಕ್ಕ, ಓದಿದವ್ರು ನೀವು, ನೀವೇ ಹಿಂಗೆ ಮಾಡೂದ?”

“ಓದಿದ್ದಕ್ಕೇ ಇಷ್ಟು ತಡ ಆತು ಮಂಜು. ಸಾಹೇಬ್ರು ಕೇಳಿದ್ರೆ ನನ್ ಹೆಸ್ರೇ ಬರ್ಕೊ.”

ಅವನು ಬರೆದುಕೊಳ್ಳಲೂ ಇಲ್ಲ, ತಡೆಯಲೂ ಇಲ್ಲ. ಕಡಲ ಕಡೆ ತಿರುಗಿ ನಿಂತ. ಅವನ ತಾಯಿಯೂ ಇದೇ ದಾರಿಯಲ್ಲಿ ಹೊರೆ ಹೊತ್ತವಳು. ಸಸಿಗಳನ್ನು ತುಳಿಯದೆ, ಓರೆಯಾಗಿ, ಕುತ್ತಿಗೆ ಸಿಡಿಯುವಂತೆ ನೋಯುತ್ತ ಹತ್ತಿದೆ. ಅರ್ಧ ದಾರಿಗೆ ಅತ್ತೆ ಬುಟ್ಟಿ ಇಸಿದುಕೊಂಡಳು, ಬಸ್ಸು ತಪ್ಪೀತೆಂದು.

ಈಗ ಸಂಜೆ ಇಲಾಖೆಯವರು ತಂತಿ ಬಿಗಿಯುತ್ತಾರೆ, ಬೆಳಿಗ್ಗೆ ನಾವು ಬಿಚ್ಚುತ್ತೇವೆ. ನನಗೆ ಎರಡು ನೋಟೀಸು ಬಂದಿವೆ. ಎರಡಕ್ಕೂ ಉತ್ತರ ಬರೆದಿದ್ದೇನೆ, ಈ ಸಲ ಬರೆಯುವ ಮೊದಲು ಅತ್ತೆಯನ್ನು ಕೇಳಿ. ಇದನ್ನು ಬರೆಯುತ್ತಿರುವ ಹೊತ್ತಿಗೆ ಬೆಳಗಿನ ಹತ್ತು ಗಂಟೆ, ಮೊಳೆ ಬರಿದಾಗಿದೆ. ನನ್ನ ಸಿಟ್ಟನ್ನು ಅಲ್ಲಿ ತೂಗುಹಾಕಿ ಹಗುರಾಗೋಣವೆಂದರೆ, ಸಂಜೆ ಅತ್ತೆ ಬಂದಾಗ ಅವಳಿಗೆ ಆ ಮೊಳೆ ಬೇಕು.