ಬ್ಯಾಂಡಿನ ಸಾಲಿನಲ್ಲಿ ಒಂದು ಜಾಗ

ನಾನು ಸ್ಯಾಕ್ಸೋಫೋನ್ ನುಡಿಸುವವನು, ಜಾಝ್ ನನ್ನ ಕಸುಬು. ಇದನ್ನು ನಾನೇ ಹೇಳಿಕೊಳ್ಳಬೇಕು, ನಮ್ಮ ಜಿಲ್ಲೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ. ಇಲ್ಲಿ ನಾನು ‘ಅವರ ಮಗ’, ಅಷ್ಟೇ. ಮನೆ ಯಾವ ಊರಿನಲ್ಲಿದೆ ಎಂದು ಬರೆಯುವ ಅಗತ್ಯವಿಲ್ಲ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಯಾವ ಆಟೋದವನನ್ನು ಕೇಳಿದರೂ ದನಿ ತಗ್ಗಿಸಿ ಹೇಳುತ್ತಾನೆ. ಎದುರಾಳಿಗಳು ನಾಮಪತ್ರ ವಾಪಸು ತೆಗೆದುಕೊಳ್ಳುವಂತೆ ಮಾಡುವುದರಲ್ಲಿ ಅಜ್ಜ ಹೆಸರಾದವರು. ಅಪ್ಪ ಆ ಕೆಲಸವನ್ನು ಇನ್ನಷ್ಟು ಸಲೀಸು ಮಾಡಿದರು.

ಬೆಂಗಳೂರಿನ ಹೋಟೆಲೊಂದರಲ್ಲಿ ವಾರಕ್ಕೆ ಮೂರು ಸಂಜೆ ನುಡಿಸುತ್ತೇನೆ. ಅಲ್ಲಿಯೂ ಬಿಡುಗಡೆಯಿಲ್ಲ. ಹೋದ ವರ್ಷ ಒಂದು ಸಂಜೆ ನನಗೇ ಖುಷಿಯಾಗುವಷ್ಟು ಚೆನ್ನಾಗಿ ನುಡಿಸಿದ್ದೆ. ವಿರಾಮದಲ್ಲಿ ಒಬ್ಬರು ಮುಖವರಳಿಸಿಕೊಂಡು ಹತ್ತಿರ ಬಂದರು. ಮೆಚ್ಚಿದ್ದಾರೆ ಅಂದುಕೊಂಡೆ. “ಅಣ್ಣಾ, ನಮ್ದು ಭರಮಸಾಗರ. ನಮ್ಮನೆಯೋಳ ಟ್ರಾನ್ಸ್‌ಫರ್‌ದು ಒಂದ್ ಅರ್ಜಿ ಐತೆ, ಅಪ್ಪಾರಿಗೆ ಮುಟ್ಟಿಸ್ರಿ” ಎಂದು ಲಕೋಟೆ ಚಾಚಿದರು. ಬೇಡ ಅನ್ನುವುದಕ್ಕೂ ಬೇಸರವಾಗಿ ಇಸಿದುಕೊಂಡೆ.

ನನ್ನನ್ನು ಯಾರ ಮಗ ಎಂದೂ ನೋಡದೆ ಬೈಯುತ್ತಿದ್ದವರು ಒಬ್ಬರೇ, ಹಿರಿಯೂರಿನ ಬ್ಯಾಂಡ್ ಮೇಷ್ಟ್ರು. ಹದಿನಾರನೇ ವಯಸ್ಸಿನಲ್ಲಿ ಕಾಲೇಜಿಗೆ ಚಕ್ಕರ್ ಹೊಡೆದು ಅವರ ಮನೆಯ ಹಿಂದಿನ ಶೀಟಿನ ಶೆಡ್ಡಿಗೆ ಹೋಗುತ್ತಿದ್ದೆ. ತಂತಿಯ ಮೇಲೆ ಬ್ಯಾಂಡಿನವರ ಕೆಂಪು ಕೋಟುಗಳು ಒಣಗುತ್ತಿರುತ್ತಿದ್ದವು. “ಲೇ, ಉಸಿರು ಹೊಟ್ಟೆಯಿಂದ ಬರ್ಬೇಕು. ಎದೆ ಉಬ್ಬಿಸ್ಕಂಡು ಊದಾಕೆ ಇದೇನ್ ಭಾಷಣ ಏನ್ಲೇ?” ಎನ್ನುತ್ತಿದ್ದರು. ಮುಂದೆ ಒಂದು ದಿನ ಮೊಬೈಲಿನಲ್ಲಿ ಜಾಝ್ ಕೇಳಿಸಿದೆ. ಬೀಡಿ ಆರುವವರೆಗೆ ಕೇಳಿ, “ಒಬ್ಬ ಕೇಳ್ತಾನೆ, ಇನ್ನೊಬ್ಬ ಉತ್ತರ ಕೊಡ್ತಾನೆ. ಇದು ಮಾತುಕತೆ ಕಣ್ಲೇ” ಎಂದರು. ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಜಾಝ್ ಕಲಿಸಲಿಲ್ಲ.

ಆದರೆ ಮದುವೆ, ಮೆರವಣಿಗೆಗಳಲ್ಲಿ ತಮ್ಮ ಬ್ಯಾಂಡಿನ ಸಾಲಿನಲ್ಲಿ ನನ್ನನ್ನು ಒಮ್ಮೆಯೂ ನಿಲ್ಲಿಸಿಕೊಳ್ಳಲಿಲ್ಲ. ಪ್ರತಿ ವರ್ಷ ಕೇಳುತ್ತಿದ್ದೆ. ಪ್ರತಿ ವರ್ಷ “ನೋಡಾನ” ಎನ್ನುತ್ತಿದ್ದರು.

ಕಾರಣ ನನಗೆ ಗೊತ್ತಿತ್ತು. ಚುನಾವಣೆಯಲ್ಲಿ ಗೆದ್ದವರ ಮೆರವಣಿಗೆ ಸೋತವರ ಮನೆಯ ಮುಂದೆ ಒಂದು ಹಾಡಿನಷ್ಟು ಹೊತ್ತು ನಿಂತು ಮುಂದಕ್ಕೆ ಹೋಗುವುದು ನಮ್ಮ ಕಡೆ ನಡೆದುಬಂದ ಕೀಟಲೆ. ಅಪ್ಪ ಗೆದ್ದಾಗ ಮೆರವಣಿಗೆ ಮುಂದಕ್ಕೆ ಹೋಗಲೇ ಇಲ್ಲ. ಬೆಳಗಿನಿಂದ ಸಂಜೆಯವರೆಗೆ ಮೇಷ್ಟ್ರ ಬ್ಯಾಂಡಿನವರನ್ನು ಅಲ್ಲೇ ನಿಲ್ಲಿಸಿ ಊದಿಸಿದರು. ಒಳಗೆ ಸೋತವರ ತಾಯಿ ಹಾಸಿಗೆ ಹಿಡಿದಿದ್ದರು. ಮೇಷ್ಟ್ರ ತುಟಿ ಬಾತುಕೊಂಡರೂ ಬಿಡಲಿಲ್ಲ. “ಊದಿಸಿದ್ದು ನಿಮ್ಮಪ್ಪ, ಊದಿದ್ದು ನಾನು” ಎಂದು ಒಮ್ಮೆ ಮಾತ್ರ ಹೇಳಿದ್ದರು. ಅವತ್ತು ನನಗೆ ಹತ್ತು ವರ್ಷ, ಜೀಪಿನ ಮೇಲೆ ನಿಂತು ಕುಣಿದಿದ್ದೆ. ಮೇಷ್ಟ್ರ ಕ್ಲಾರಿನೆಟ್ಟಿನ ದನಿಗೆ ನಾನು ಮರುಳಾದದ್ದು ಅಲ್ಲಿಯೇ. ಇದನ್ನು ಮೇಷ್ಟ್ರಿಗೆ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ನಾಚಿಕೆಯಾಗುತ್ತದೆ.

ಈ ವರ್ಷ ಮೇಷ್ಟ್ರೇ ಫೋನ್ ಮಾಡಿದರು. ಹೊಳಲ್ಕೆರೆಯಲ್ಲಿ ಮಗಳ ಮದುವೆ, ಹುಡುಗ ಬಾಗೂರಿನವನು. “ಪೆಟ್ಟಿಗೆ ತಗಂಡ್ ಬಾರ್ಲೇ. ನಮ್ ಸಾಲ್ನಾಗೆ ನಿಂತ್ಕ. ಅವತ್ತು ಕೋಟ್ ಇಲ್ಲ, ಎಲ್ರೂ ಬಿಳಿ ಅಂಗಿ.” ಇಪ್ಪತ್ತು ವರ್ಷ ಈ ಮಾತಿಗಾಗಿ ಕಾದಿದ್ದೆ. ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಬಿಳಿ ಅಂಗಿ ತೊಟ್ಟು ಬಸ್ಸಿನಲ್ಲಿ ಹೋದೆ. ನಮ್ಮ ಮನೆಯವನು ಅಪ್ಪನಂತೆ ಬಿಳಿ ಅಂಗಿ ತೊಟ್ಟು ಛತ್ರದ ಬಾಗಿಲಲ್ಲಿ ನಿಂತರೆ ಜನ ಏನು ಮಾಡುತ್ತಾರೆ ಎಂಬುದು ನನಗೂ ಮೇಷ್ಟ್ರಿಗೂ ಹೊಳೆದಿರಲಿಲ್ಲ. ಮೈಕಿನವನು ಅಪ್ಪನ ಬಿರುದುಗಳನ್ನೆಲ್ಲ ಹೇಳಿ ನನ್ನನ್ನು ಸ್ವಾಗತಿಸಿದ. ಕೂತವರೆಲ್ಲ ಎದ್ದರು. ದೊಡ್ಡವರು ಬಂದರೆ ಬ್ಯಾಂಡಿನವರು ಬಾಗಿಲಿಗೆ ಬಂದು, ಬೆನ್ನು ತೋರಿಸದೆ, ಊದುತ್ತಾ ಹಿಮ್ಮುಖವಾಗಿ ನಡೆದು ವೇದಿಕೆಗೆ ಕರೆದೊಯ್ಯಬೇಕು. ಹುಡುಗಿಯ ತಂದೆ ಎಂದು ಮೇಷ್ಟ್ರನ್ನೇ ಮುಂದೆ ನಿಲ್ಲಿಸಿದರು. ಎಪ್ಪತ್ತು ದಾಟಿದ ಮನುಷ್ಯ ನನ್ನ ಮುಂದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿದರು. ಜಮಖಾನೆಗೆ ಹಿಮ್ಮಡಿ ತಾಗಿ ಒಮ್ಮೆ ಆಯತಪ್ಪಿದರು. ನಾನು ಕೈ ಚಾಚಿದೆ. ಅವರ ಎರಡೂ ಕೈ ಕ್ಲಾರಿನೆಟ್ಟಿನ ಮೇಲಿದ್ದವು.

ವೇದಿಕೆಯಲ್ಲಿ ನನಗೆ ಹೊದಿಸಿದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಕೆಳಗಿಳಿದೆ. ಸ್ಯಾಕ್ಸೋಫೋನಿನ ಪೆಟ್ಟಿಗೆ ತೆರೆದು ಬ್ಯಾಂಡಿನ ಸಾಲಿನ ಕೊನೆಯಲ್ಲಿ ನಿಂತೆ. ಬ್ಯಾಂಡಿನವರು ಸರಿದು ನಡುವೆ ಜಾಗ ಮಾಡಿದರು. ನಾಲ್ಕು ಸ್ವರ ನುಡಿಸಿ ನಿಲ್ಲಿಸಿದೆ, ಯಾರಾದರೂ ಉತ್ತರ ಕೊಡಲಿ ಎಂದು. ಯಾರೂ ಊದಲಿಲ್ಲ. ಡ್ರಮ್ಮಿನವನು ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದ. ಎಲ್ಲರೂ ಅಪ್ಪಣೆಗಾಗಿ ನನ್ನ ಮುಖ ನೋಡುತ್ತಿದ್ದರು. “ಬಾರ್ಸ್ರಪ್ಪಾ” ಎಂದೆ. ನನ್ನ ದನಿ ಅಪ್ಪನ ದನಿಯ ಹಾಗೇ ಕೇಳಿಸಿತು. ಅವರು ತಕ್ಷಣ ನುಡಿಸಲು ಶುರುಮಾಡಿದರು. ತಾಳ ಎಲ್ಲೆಲ್ಲೋ ಹೋಯಿತು.

ಮೇಷ್ಟ್ರು ಬಂದು ನನ್ನ ಸ್ಯಾಕ್ಸೋಫೋನಿನ ಮೇಲೆ ಅಂಗೈ ಇಟ್ಟರು.

“ತಪ್ಪು ನಂದೇ ಕಣಪ್ಪ. ನೀ ನಿಂತಿರೋತಂಕ ಇವ್ರಿಗೆ ಕೈ ಬರಾಕಿಲ್ಲ. ಧಾರೆ ಹೊತ್ತಾಗೈತೆ, ಹುಡುಗಿಗೆ ವಾದ್ಯ ಬೇಕು.” ಅಂಗೈ ತೆಗೆಯದೆಯೇ, “ಹೋಗ್ತೀಯಾ?” ಎಂದರು.

ಹೋದೆ. ಮತ್ತೇನು ಮಾಡಲಿ? ಗೇಟು ದಾಟುವಷ್ಟರಲ್ಲಿ ಗಟ್ಟಿಮೇಳ ಮೊಳಗಿತು. ಕ್ಲಾರಿನೆಟ್ ಕೇಳಿತು, ಟ್ರಂಪೆಟ್ ಉತ್ತರ ಕೊಟ್ಟಿತು, ಡ್ರಮ್ಮಿನವನು ನಡುವೆ ಕೀಟಲೆ ಮಾಡಿ ನಗಿಸಿದ. ಕಾಂಪೌಂಡಿನ ಆಚೆ ನಿಂತು ಪೂರ್ತಿ ಕೇಳಿದೆ. ನಾನು ಹೋದೆನೆಂದು ಗೊತ್ತಾದ ಮೇಲೆ ಎಂಥ ಚೆಂದ ನುಡಿಸಿದರು!